ಕೋದಂಡಪ್ಪನ ಬಲಗಾಲು

ಮೂರನೇ ಗೇರು ಬೀಳುತ್ತಿರಲಿಲ್ಲ. ವಿಷಯ ಅಷ್ಟೇ. ಆದರೆ ಈ ಅಷ್ಟೇ ವಿಷಯ ಕೋದಂಡಪ್ಪನ ಊಟ ಕೆಡಿಸಿತು, ನಿದ್ದೆ ಕೆಡಿಸಿತು, ಕೊನೆಗೆ ಅವನನ್ನು ಹೆಂಡತಿ ಮುನಿಗಂಗಮ್ಮನ ಬಾಯಿಗೂ ಕೊಟ್ಟಿತು. ಆಂಡರ್ಸನ್‌ಪೇಟೆಯ ಆ ಬೀದಿಯಲ್ಲಿ ಮುನಿಗಂಗಮ್ಮನ ಬಾಯಿಗೆ ಸಿಕ್ಕವರು ಯಾರೂ ಸುಲಭವಾಗಿ ಬಿಡಿಸಿಕೊಂಡು ಬಂದದ್ದಿಲ್ಲ.

“ಬೆಳಗಾಗೆದ್ದು ಮುಖ ತೊಳೆಯೋಕ್ ಮುಂಚೆ ಅದರ ಮುಂದೆ ಕುಂತ್ಕೊತೀಯಲ್ಲ, ನನ್ನ ಮುಖಾನ ಒಂದಿನ ಇಂಗೆ ನೋಡಿದ್ದೀಯಾ?” ಎಂದಳು ಅವಳು, ಕೈಯಲ್ಲಿ ಪೊರಕೆ ಹಿಡಿದುಕೊಂಡೇ.

“ನಿನ್ನ ಮುಖ ಎಲ್ಲಿಗೋಗ್ತದೆ ಬುಡು. ಇದು ನೋಡು, ಎಲ್ಲಿಗೂ ಓಗ್ತಿಲ್ಲ” ಎಂದು ಕೋದಂಡಪ್ಪ ಗೇರಿನ ಕಡ್ಡಿಯನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿದ. ಕೈಗೆ ಸಲೀಸಾಗಿ ಆಡುತ್ತಿತ್ತು, ಹಾಳಾದ್ದು!

ಅಂಗಳದಲ್ಲಿ ನಿಂತಿದ್ದದ್ದು ಒಂದು ಹಳೇ ಇಂಗ್ಲಿಷ್ ಮೋಟಾರ್ ಬೈಕು. ಅದರ ಎಡಗಡೆಗೆ ತೊಟ್ಟಿಯಂಥ ಒಂದು ಸೈಡ್‌ಕಾರು. ಚಿನ್ನದ ಗಣಿ ಸರ್ಕಾರದ ಕೈಗೆ ಬಂದು, ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿ ಹಡಗು ಹತ್ತುತ್ತಿದ್ದ ಕಾಲ ಅದು. ಚಾಂಪಿಯನ್ ರೀಫ್ಸಿನ ಒಂದು ಬಂಗಲೆಯ ಹಿಂದಿನ ಕೊಟ್ಟಿಗೆಯಲ್ಲಿ ಈ ಗಾಡಿ ಗೋಣಿತಾಟು ಹೊದ್ದು ವರ್ಷಗಟ್ಟಲೆ ಬಿದ್ದಿತ್ತು. ದೊರೆ ಅದನ್ನು ಓಡಿಸಿದ್ದೇ ಅಪರೂಪ. ಓಡಿಸಿದಾಗಲೂ ಸೈಡ್‌ಕಾರಿನಲ್ಲಿ ಕೂತು ಊರು ನೋಡುತ್ತಿದ್ದದ್ದು ದೊರೆಸಾನಿಯ ನಾಯಿಯಂತೆ. ಹೊರಡುವ ಗಡಿಬಿಡಿಯಲ್ಲಿ ದೊರೆ ಅದನ್ನು ಕೇಳಿದವರಿಗೆ ಕೊಟ್ಟುಹೋದ, ಕೇಳಿದವನು ಕೋದಂಡಪ್ಪ.

ಕೇಳಿದ್ದು ಷೋಕಿಗಲ್ಲ. ಅವನ ಒಬ್ಬಳೇ ಮಗಳು ಕನಕಮ್ಮನನ್ನು ಬಂಗಾರಪೇಟೆಯ ಆಚೆ ಒಂದು ಹಳ್ಳಿಗೆ ಕೊಟ್ಟಿದ್ದರು. ಮೊದಲ ಹೆರಿಗೆಗೆ ಅವಳು ತವರಿಗೆ ಬಂದಿದ್ದಳು. ನೋವು ಶುರುವಾಯಿತು, ಜಟಕಾ ಹುಡುಕಿ ತರುವಷ್ಟರಲ್ಲಿ ಹೊತ್ತು ಮೀರಿತು, ಮಗು ಉಳಿಯಲಿಲ್ಲ. ಕನಕಮ್ಮ ಉಳಿದದ್ದೇ ಹೆಚ್ಚು. ಮುಂದಿನ ಸಲ ನೋವು ಕಾಣಿಸಿಕೊಂಡ ತಕ್ಷಣ ಕರೆದುಕೊಂಡು ಬನ್ನಿ, ತಡ ಮಾಡಿದರೆ ತಾಯಿಯನ್ನೂ ಉಳಿಸಿಕೊಡುವುದು ನನ್ನ ಕೈಯಲ್ಲಿಲ್ಲ ಎಂದು ಗಣಿ ಆಸ್ಪತ್ರೆಯ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದರು. ಈಗ ಅವಳಿಗೆ ಮತ್ತೆ ದಿನ ತುಂಬುತ್ತಿತ್ತು.

ತವರಿಗೆ ಕಳಿಸಿಬಿಡಿ, ಆಸ್ಪತ್ರೆ ಹತ್ತಿರ ಎಂದು ಕೋದಂಡಪ್ಪ ಹೋಗಿ ಬೇಡಿಕೊಂಡಿದ್ದ. ಕನಕಮ್ಮನ ಅತ್ತೆ ಚಿಕ್ಕವೆಂಕಟಮ್ಮ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. “ಒಂದ್ಸಲ ಕಳ್ಸಿ ಬರಿ ಮಡ್ಲಲ್ಲಿ ಕರ್ಕೊಂಡ್ ಬಂದ್ವಿ ಬೀಗರೇ. ಈ ಸಲ ನನ್ನ ಕಣ್ಮುಂದೆ ಇರ್ಲಿ. ನೋವು ಬಂದ ದಿನ ನೀವೇ ಗಾಡಿ ತಂದು ಆಸ್ಪತ್ರೆಗೆ ಕರ್ಕೊಂಡೋಗಿ, ನಾನು ಅಡ್ಡ ಬರಾಕಿಲ್ಲ” ಎಂದಿದ್ದಳು. ಎತ್ತಿನ ಗಾಡಿಯಲ್ಲಿ ಆ ಕಲ್ಲುದಾರಿಯ ಮೇಲೆ ಬಸುರಿಯನ್ನು ತರುವುದು ಆಗದ ಮಾತು. ರೈಲು ಬರುವ ಹೊತ್ತಿಗೆ ಸರಿಯಾಗಿ ನೋವು ಬಾ ಎಂದರೆ ಬರುತ್ತದೆಯೇ? ಅದಕ್ಕೇ ಈ ಮೋಟಾರ್ ಬೈಕು.

ಕೋದಂಡಪ್ಪನಿಗೆ ಯಂತ್ರವೆಂದರೆ ಹೊಸದೇನಲ್ಲ. ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಅವನು ವೈಂಡಿಂಗ್ ಡ್ರೈವರು. ಅಂದರೆ, ಗಣಿಯ ಬಾವಿಯೊಳಕ್ಕೆ ಆಳುಗಳನ್ನು ಇಳಿಸಿ ಹತ್ತಿಸುವ ಕಬ್ಬಿಣದ ಕೇಜು ಇರುತ್ತದಲ್ಲ, ಅದರ ಹಗ್ಗ ಸುತ್ತುವ ದೊಡ್ಡ ಇಂಜಿನ್ನನ್ನು ನಡೆಸುವವನು. ಅವನಿಗೆ ಕೇಜು ಕಾಣುವುದಿಲ್ಲ, ಆಳುಗಳು ಕಾಣುವುದಿಲ್ಲ, ಗಂಟೆ ಮಾತ್ರ ಕೇಳಿಸುತ್ತದೆ. ಮೂರು ಬಡಿತ ಬಿದ್ದರೆ ಒಳಗೆ ಮನುಷ್ಯರಿದ್ದಾರೆ, ಹುಷಾರು. ಓಡುತ್ತಿರುವಾಗ ಒಂದೇ ಬಡಿತ ಬಿದ್ದರೆ ಬಂದು ಮುಟ್ಟಿತು, ನಿಲ್ಲಿಸಿ ಕಾಲು ತೆಗೆ. ಮೂರಕ್ಕೂ ಒಂದಕ್ಕೂ ನಡುವೆ ಅವನ ಬಲಗಾಲು ಬ್ರೇಕಿನ ಪೆಡಲಿನ ಮೇಲೆಯೇ ಇರಬೇಕು. ಅವನಿಗೆ ಕೆಲಸ ಕಲಿಸಿದ ಮುದುಕ ಪೆರುಮಾಳ್, ಮೊದಲ ದಿನವೇ ಅವನ ಮಂಡಿಗೆ ಕೋಲಿನಿಂದ ತಟ್ಟಿ ಹೇಳಿದ್ದ: “ತಂಬೀ, ಒಳಗೆ ಮನುಷ್ಯ ಇರೋವರೆಗೂ ಈ ಕಾಲು ನಿಂದಲ್ಲ.” ಅಂದಿನಿಂದ ತಲೆ ನರೆಯುವವರೆಗೂ ಕೋದಂಡಪ್ಪ ಆ ಮಾತು ಮೀರಿದವನಲ್ಲ. ಅವನ ಪಾಳಿಯಲ್ಲಿ ಕೇಜು ನೆಲ ಮುಟ್ಟಿದ್ದೇ ಗೊತ್ತಾಗುವುದಿಲ್ಲ, ಕೈಯಲ್ಲಿದ್ದ ಚಹಾ ತುಳುಕುವುದಿಲ್ಲ ಎಂದು ಆಳುಗಳು ಹೇಳುತ್ತಿದ್ದರು. ಅದು ಕಿವಿಗೆ ಬಿದ್ದಾಗ ಅವನ ಮೀಸೆ ತಾನಾಗಿಯೇ ಮೇಲೇರುತ್ತಿತ್ತು.

ಅಂಥವನಿಗೆ ಒಂದು ಪುಟಗೋಸಿ ಮೋಟಾರ್ ಬೈಕು ನೀರು ಕುಡಿಸುವುದೆಂದರೆ!

ಗಾಡಿಯನ್ನು ಬಿಚ್ಚಿದ್ದು ಬೀದಿಯ ಕೊನೆಯಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ ಆರುಮುಗಂ. ಬಾಯಿ ತುಂಬ ಎಲೆಯಡಿಕೆ, ಮಾತು ತುಂಬ ತಮಾಷೆ. ಮೊದಲ ದಿನ ಗಾಡಿಗೆ ಯಾವ ಗೇರೂ ಬೀಳಲಿಲ್ಲ. ಕಡ್ಡಿ ಒತ್ತಿದರೆ ಕರಕರ ಎಂದು ಹಲ್ಲು ಕಡಿಯುತ್ತಿತ್ತು, ಬಿದ್ದರೆ ಕ್ಲಚ್ ಹಿಡಿದಿದ್ದರೂ ಮುಂದಕ್ಕೆ ಜಿಗಿಯುತ್ತಿತ್ತು. ಆರುಮುಗಂ ಕ್ಲಚ್ ಬಿಚ್ಚಿ ತೋರಿಸಿದ. ಕೂತಲ್ಲೇ ಕೂತು ಅದರ ತಟ್ಟೆಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಕ್ಲಚ್ಚಿನ ತಂತಿ ಕವಚದೊಳಗೇ ತುಕ್ಕು ಹಿಡಿದಿತ್ತು. ಗೇರ್ ಪೆಟ್ಟಿಗೆಯೊಳಗಿನ ಗ್ರೀಸು ಆರಿಹೋದ ಬೆಲ್ಲದ ಪಾಕದಂತೆ ಗಟ್ಟಿಯಾಗಿ ಹಲ್ಲುಗಳ ನಡುವೆ ಮೆತ್ತಿಕೊಂಡಿತ್ತು.

“ಅಣ್ಣೇ, ಓಡಿಸಿ ಕೆಟ್ಟಿದ್ರೆ ನಾನು ಬೇಗ ಮಾಡ್ಕೊಡ್ತಿದ್ದೆ. ಇದು ಓಡಿಸ್ದೆ ಕೆಟ್ಟಿರೋದು” ಎಂದ ಆರುಮುಗಂ.

“ಎಷ್ಟೊತ್ತಾಗ್ತದೆ ಅದ್ನೇಳು.”

“ಮಗಳಿಗೆ ನೋವು ಬಂದ್ಬಿಡ್ತಾ?”

“ಬಾಯಿಗೆ ಒಳ್ಳೇದು ಬರಾಕಿಲ್ವಾ ನಿನಗೆ?” ಎಂದು ಕೋದಂಡಪ್ಪ ರೇಗಿದ.

ತಟ್ಟೆಗಳನ್ನು ಬಿಡಿಸಿ ಉಜ್ಜಿದರು. ಹೊಸ ತಂತಿ ಹಾಕಿದರು. ಹಳೇ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ತೆಳುವಾದದ್ದು ತುಂಬಿದರು. ಈಗ ಕರಕರ ನಿಂತಿತು. ಬಲಗಾಲಿನ ಪಕ್ಕದ ಕಡ್ಡಿಯನ್ನು ಮೇಲಕ್ಕೆತ್ತಿದರೆ ಒಂದನೇ ಗೇರು, ಆಮೇಲೆ ಒಂದೊಂದು ಸಲ ಕೆಳಗೆ ಒತ್ತಿದರೆ ಎರಡು, ಮೂರು, ನಾಲ್ಕು. ಆರುಮುಗಂ ಹತ್ತಿ ಗಣಿಯ ಪಕ್ಕದ ಕೋರಮಂಡಲ್ ಕಾಲೊನಿಯ ತನಕ ಹೋಗಿ ಬಂದ, ನಾಲ್ಕೂ ಗೇರು ಬೆಣ್ಣೆ ಎಂದ. ಕೋದಂಡಪ್ಪ ಹತ್ತಿದ, ಆರುಮುಗಂ ಸೈಡ್‌ಕಾರಿನಲ್ಲಿ ಕೂತ. ಒಂದು ಬಿತ್ತು. ಎರಡು ಬಿತ್ತು. ಮೂರು? ಊಹೂಂ. ಕೋದಂಡಪ್ಪ ಒತ್ತಿದ, ಇನ್ನೂ ಒತ್ತಿದ, ಕಾಲಿನ ನರ ಉಬ್ಬುವ ತನಕ ಒತ್ತಿದ. ಇಂಜಿನ್ನು ಎರಡರಲ್ಲೇ ಕಿರುಚಿಕೊಂಡು ಓಡಿತೇ ಹೊರತು ಮೂರನೇ ಗೇರು ಬೀಳಲಿಲ್ಲ.

ಇಳಿದು ಜಾಗ ಬದಲಾಯಿಸಿದರು. ಆರುಮುಗಂ ಕಾಲಿಗೆ ಮೂರು ಬಿತ್ತು, ನಾಲ್ಕೂ ಬಿತ್ತು. ಮತ್ತೆ ಕೋದಂಡಪ್ಪ ಕೂತ, ಮತ್ತೆ ಎರಡಕ್ಕೇ ನಿಂತಿತು.

“ಗಾಡಿ ಸರಿಯಾಗೈತಣ್ಣೇ, ನಿಮ್ಮ ಕಾಲು ಬಿಚ್ಚಿ ನೋಡ್ಬೇಕು ಈಗ” ಎಂದು ಆರುಮುಗಂ ನಕ್ಕ. “ಒಂದ್ಸಲ ಒತ್ತಿ, ಬಿಟ್ಬಿಡಿ. ಕಡ್ಡಿ ತನ್ನ ಜಾಗಕ್ಕೆ ವಾಪಸ್ ಬಂದ್ರೇನೇ ಮುಂದಿನ ಗೇರು ಹಿಡಿಯೋದು.”

“ಬಿಟ್ಟೇ ಒತ್ತುತಾ ಇದೀನಲ್ಲಯ್ಯಾ!”

“ಬಿಡ್ತಾ ಇದೀರಾ?”

“ಏನ್ಲಾ, ಈ ಕಾಲಿಗೆ ಬುದ್ಧಿ ಹೇಳಾಕೆ ಬಂದಾ ನೀನು? ಸಾವಿರ ಜನಾನ ಇಳಿಸಿ ಹತ್ತಿಸಿರೋ ಕಾಲು ಇದು!” ಕೋದಂಡಪ್ಪನಿಗೆ ಸಿಟ್ಟು ನೆತ್ತಿಗೇರಿತ್ತು. ಆರುಮುಗಂ ಕೂತದ್ದು ಎಡಗಡೆಯ ತೊಟ್ಟಿಯಲ್ಲಿ, ಕಡ್ಡಿ ಇದ್ದದ್ದು ಬಲಗಡೆ. ಆ ಕಾಲು ಏನು ಮಾಡುತ್ತಿದೆಯೆಂದು ಅವನಿಗೂ ಕಾಣಲಿಲ್ಲ. ಮರುದಿನ ಸುಮ್ಮನೆ ಪೆಟ್ಟಿಗೆ ಇನ್ನೊಮ್ಮೆ ಬಿಚ್ಚಿ ಮುಚ್ಚಿದ, ಒಂದು ಸ್ಪ್ರಿಂಗು ಬದಲಾಯಿಸಿದ. ಏನೂ ಆಗಲಿಲ್ಲ.

ಮುನಿಗಂಗಮ್ಮ ಒಂದು ದಿನ ಬೈಯುವುದನ್ನೇ ನಿಲ್ಲಿಸಿದಳು. ಬೈಯುವುದಕ್ಕಿಂತ ಅದು ಕೆಟ್ಟದ್ದು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಸೆರಗಿನಿಂದ ಕಣ್ಣೊತ್ತಿಕೊಂಡು, “ಅದು ಎರಡ್ರಲ್ಲೇ ಓಡಿದ್ರೂ ಪರವಾಗಿಲ್ಲ, ಓಗಿ ಅವಳ ಪಕ್ಕದಲ್ಲಿರು. ನನಗೆ ಇಲ್ಲಿ ಎದೆ ಒಡ್ಕೊಳ್ತಾ ಐತೆ” ಎಂದಳು. ಅದೂ ಸರಿಯೇ ಅನ್ನಿಸಿತು. ಕೋದಂಡಪ್ಪ ರಜ ಹಾಕಿ, ಸ್ಪ್ಯಾನರು, ಸುತ್ತಿಗೆ, ಗ್ರೀಸಿನ ಡಬ್ಬಿ ಎಲ್ಲವನ್ನೂ ಸೈಡ್‌ಕಾರಿಗೆ ತುಂಬಿಕೊಂಡು ಮಗಳ ಊರಿಗೆ ಹೊರಟ.

ಎರಡನೇ ಗೇರಿನಲ್ಲಿ ಅಷ್ಟು ದೂರ ಹೋದರೆ ಇಂಜಿನ್ನು ಸುಮ್ಮನಿರುತ್ತದೆಯೇ? ಅರ್ಧ ದಾರಿಯಲ್ಲಿ ಕಾದು, ಸುಟ್ಟ ವಾಸನೆ ಬಂದು, ಕಟಕ್ಕೆಂದು ಬಿಗಿದು ನಿಂತುಬಿಟ್ಟಿತು. ಕಿಕ್ ಒದ್ದರೆ ಕಲ್ಲು ಒದ್ದಂತೆ. ಬಿಸಿಲಿನಲ್ಲಿ ನಿಂತು, ಹೆಗಲ ಮೇಲಿನ ಟವೆಲಿನಿಂದ ಇಂಜಿನ್ನಿಗೆ ಗಾಳಿ ಬೀಸಿ ಬೀಸಿ ಕೋದಂಡಪ್ಪನ ತೋಳು ಬಿದ್ದುಹೋಯಿತು. ಆರಿ ಮತ್ತೆ ಹೊರಡಲು ಒಂದು ಊಟದ ಹೊತ್ತೇ ಹಿಡಿಯಿತು. ಇವತ್ತೇನೋ ಸರಿ, ಖಾಲಿ ಗಾಡಿ. ಮಗಳನ್ನು ಕೂರಿಸಿಕೊಂಡು ಬರುವಾಗ ಹೀಗೆ ಇಲ್ಲೇ ನಿಂತರೆ? ಆ ಯೋಚನೆ ಬಂದದ್ದೇ ಅವನು ರಸ್ತೆ ಬದಿಯ ಕಲ್ಲಿನ ಮೇಲೆ ಕುಕ್ಕರಿಸಿದ.

ಹೆಣ್ಣು ಕೊಟ್ಟ ಮನೆಯ ಜಗಲಿಯ ಮೇಲೆ ಬೀಗರು ಬಂದು ಬೀಡು ಬಿಡುವುದೆಂದರೆ ಊರಿಗೇ ತಮಾಷೆ. ಬೆಳಗ್ಗೆ ಕೊಡ ಹಿಡಿದು ಹೋಗುವ ಹೆಂಗಸರು, “ಏನ್ ಬೀಗರೇ, ಗಾಡಿಗೆ ಹಲ್ಲುಜ್ಜಿದ್ರಾ?” ಎನ್ನುತ್ತಿದ್ದರು. ಕೋದಂಡಪ್ಪ ನಗಲಾರದೆ ನಗುತ್ತಿದ್ದ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಕಡ್ಡಿಯನ್ನು ಬಿಚ್ಚಿ ಒಂದು ಹಲ್ಲು ಮೇಲಕ್ಕೆ ಹಾಕಿ ನೋಡಿದ, ಒಂದು ಹಲ್ಲು ಕೆಳಕ್ಕೆ ಹಾಕಿ ನೋಡಿದ. ಒಳಗಿನಿಂದ ಮಗಳು ಸ್ವಲ್ಪ ಕೆಮ್ಮಿದರೂ ಸ್ಪ್ಯಾನರು ಬಿಸಾಡಿ ಬಾಗಿಲಿಗೆ ಓಡುತ್ತಿದ್ದ.

“ಕೆಮ್ಮಿದ್ದಪ್ಪಾ, ಕೆಮ್ಮು!” ಎನ್ನುತ್ತಿದ್ದಳು ಕನಕಮ್ಮ. “ನೀನಿಲ್ಲಿದ್ರೆ ನನಗಿಂತ ಮೊದ್ಲು ನಿನಗೇ ನೋವು ಬತ್ತದೆ.”

ಅವಳನ್ನು ಅತ್ತೆ ಹೊರಗೆ ಬಿಡುತ್ತಿರಲಿಲ್ಲ. “ನಾಯಿ ಕೂತಿದ್ದ ಜಾಗ್ದಲ್ಲಿ ನನ್ನ ಸೊಸೆ ಕೂರ್ಬೇಕಾ?” ಎಂದು ಚಿಕ್ಕವೆಂಕಟಮ್ಮ ಸೈಡ್‌ಕಾರನ್ನು ನೋಡಿ ಮೊದಲ ದಿನ ಮೂಗು ಮುರಿದಿದ್ದಳು. ಆದರೆ ಸಂಜೆ ಯಾರೂ ಇಲ್ಲದಾಗ ಅದನ್ನು ಒಳಗೂ ಹೊರಗೂ ಸಗಣಿ ನೀರು ಹಾಕಿ ತೊಳೆದು, ಒಳಗೆ ಹಳೇ ಕಂಬಳಿ ಮಡಿಸಿ ಹಾಸಿ, ಮುಂದುಗಡೆಗೆ ಅರಿಸಿನ ಕುಂಕುಮ ಇಟ್ಟಿದ್ದಳು. ಕೋದಂಡಪ್ಪ ಅದನ್ನು ನೋಡಿಯೂ ನೋಡದವನಂತಿದ್ದ.

ನೋವು ಬಂದದ್ದು ಒಂದು ಬೆಳಗ್ಗೆ, ರಾಗಿ ಮುದ್ದೆಗೆ ಎಸರಿಟ್ಟ ಹೊತ್ತಿಗೆ. ಅಳಿಯ ಜಯರಾಮಪ್ಪ ಹೊಲದಿಂದ ಓಡಿ ಬಂದು ಹೆಂಡತಿಯನ್ನು ಎತ್ತಿ ಸೈಡ್‌ಕಾರಿನಲ್ಲಿ ಕೂರಿಸಿದ. ಜೊತೆಗೆ ಒಬ್ಬರು ಹಿರಿಯ ಹೆಂಗಸು ಬೇಕೇ ಬೇಕು, ಇದ್ದದ್ದು ಹಿಂದಿನ ಒಂದು ಸೀಟು. ಬೀಗರ ಬೆನ್ನ ಹಿಂದೆ ಬೀಗಿತ್ತಿ ಕೂರುವುದೇ? ಊರು ನೋಡುತ್ತಿತ್ತು. ಚಿಕ್ಕವೆಂಕಟಮ್ಮ ಒಂದು ಗಳಿಗೆ ನಿಂತಳು. ಆಮೇಲೆ, “ನೋಡಾಕೆ ಬಂದವ್ರು ಕಣ್ಮುಚ್ಕೊಳ್ರಿ!” ಎಂದು ಗದರಿ, ಸೀರೆ ಎತ್ತಿ ಕಟ್ಟಿ, ಒಂದೇ ಕಡೆಗೆ ಕಾಲು ಹಾಕಿಕೊಂಡು ಹತ್ತಿ ಕೂತಳು. ಒಂದು ಕೈಯಲ್ಲಿ ಸೀಟಿನ ಕಬ್ಬಿಣ ಹಿಡಿದಳು, ಇನ್ನೊಂದರಲ್ಲಿ ಸೊಸೆಯ ಭುಜ. ಜಯರಾಮಪ್ಪ ಸೈಕಲ್ ಹತ್ತಿ ಹಿಂದೆ ಹೊರಟ.

ಒಂದು ಬಿತ್ತು. ಎರಡು ಬಿತ್ತು. ಮೂರು ಬೀಳಲಿಲ್ಲ. ಕೋದಂಡಪ್ಪ ಮನಸ್ಸಿನಲ್ಲೇ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತು, ಎರಡರಲ್ಲೇ ಕಿರುಚಿಸಿಕೊಂಡು ಬಂಗಾರಪೇಟೆಗೆ ಬಂದ. ರೈಲ್ವೆ ಗೇಟು ಹಾಕಿತ್ತು.

ಗೂಡ್ಸ್ ಗಾಡಿ ಬರುವುದಿತ್ತು, ಯಾವಾಗ ಬರುತ್ತದೋ ಅದಕ್ಕೇ ಗೊತ್ತು. ಇಂಜಿನ್ನಿನಿಂದ ಆಗಲೇ ಸುಟ್ಟ ವಾಸನೆ ಏಳುತ್ತಿತ್ತು. ಆರಲಿ ಎಂದು ಕೋದಂಡಪ್ಪ ಅದನ್ನು ನಿಲ್ಲಿಸಿದ. ಮುಂದೆ ಚಿನ್ನದ ಗಣಿಯ ತನಕ ಉದ್ದದ ದಾರಿ, ಏರು ದಾರಿ. ಅವನ ಅಂಗೈ ಬೆವತು ಹ್ಯಾಂಡಲು ಜಾರುತ್ತಿತ್ತು. ಚಿಕ್ಕವೆಂಕಟಮ್ಮ ಇಳಿದು ಗೇಟಿನವನ ಮೇಲೆ ಕೂಗಾಡಲು ಹೋದಳು.

ಆಗ ಕನಕಮ್ಮನಿಗೆ ನೋವು ಜೋರಾಗಿ ಬಂತು. ಅವಳು ಸೈಡ್‌ಕಾರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ತುಟಿ ಕಚ್ಚಿದಳು. “ಅಪ್ಪಾ... ಇಲ್ಲಿ ಬಾರಪ್ಪಾ. ಕೈ ಕೊಡು.”

ಕೋದಂಡಪ್ಪ ಕೂತಲ್ಲಿಂದಲೇ ಎಡಕ್ಕೆ ಬಾಗಿ ಕೈ ನೀಡಿದ. ಅವನ ಬೆರಳು ಅವಳ ಬೆರಳಿನ ತುದಿಗೆ ತಾಗಿತು ಅಷ್ಟೇ.

“ಇಳಿದು ಬಾರಪ್ಪಾ!”

“ಎಂಗ್ ಬರ್ಲಿ ಮಗಾ? ಕಾಲು ತೆಗೆಯಂಗಿಲ್ಲ. ಒಳಗೆ ನೀನಿದ್ದೀಯಲ್ಲ.”

ಮಾತು ಬಾಯಿಂದ ಬಿದ್ದುಹೋಗಿತ್ತು. ಕನಕಮ್ಮ ನೋವಿನಲ್ಲೇ ಕಣ್ಣು ಬಿಟ್ಟು ಅವನನ್ನು ನೋಡಿದಳು. ಕತ್ತು ಉದ್ದ ಮಾಡಿ, ಪೆಟ್ರೋಲ್ ಟ್ಯಾಂಕಿನ ಆ ಬದಿಗೆ ಇಣುಕಿದಳು. ಇಂಜಿನ್ನು ನಿಂತಿತ್ತು, ಗಾಡಿ ನಿಂತಿತ್ತು. ಅವಳಪ್ಪನ ಬಲಗಾಲು ಮಾತ್ರ ಗೇರಿನ ಕಡ್ಡಿಯ ಮೇಲೆ ಊರಿಕೊಂಡು, ಪೆಡಲು ತುಳಿದಂತೆ ತುಳಿದುಕೊಂಡೇ ಇತ್ತು. ಆ ಕಾಲು ಅವಳಿಗೆ ಗೊತ್ತು. ಚಿಕ್ಕಂದಿನಲ್ಲಿ ಬುತ್ತಿ ತೆಗೆದುಕೊಂಡು ಇಂಜಿನ್ ಮನೆಗೆ ಹೋದಾಗಲೆಲ್ಲ, ಒಂದು ಬಡಿತ ಬಿದ್ದು ಆ ಕಾಲು ಪೆಡಲು ಬಿಡುವ ತನಕ ಹೊರಗಿನ ಮೆಟ್ಟಿಲ ಮೇಲೆ ಕೂತು ಕಾದವಳು ಅವಳು. ಊಟಕ್ಕೆ ಅಪ್ಪನನ್ನು ಕರೆಯಲು ತಟ್ಟೆಗೆ ಮೂರು ಸಲ ಲೋಟ ಬಡಿಯುತ್ತಿದ್ದವಳು.

“ಅಯ್ಯೋ ನಮ್ಮಪ್ಪಾ!” ಎಂದು ಕನಕಮ್ಮ ಅಳುತ್ತಲೇ ನಕ್ಕಳು. “ಅದು ಬ್ರೇಕಲ್ಲ ಕಣಪ್ಪಾ! ನೀನು ಕಾಲೇ ತೆಗೀತಿಲ್ಲ. ಅದ್ಕೇ ಮುಂದಿನ ಗೇರು ಬೀಳ್ತಿಲ್ಲ!”

ಕೋದಂಡಪ್ಪ ತಲೆ ಬಗ್ಗಿಸಿ ತನ್ನ ಕಾಲನ್ನು ನೋಡಿಕೊಂಡ. ಯಾರದೋ ಕಾಲನ್ನು ನೋಡಿದಂತೆ ನೋಡಿದ. ಬಿಟ್ಟೇ ಒತ್ತುತ್ತಿದ್ದೇನೆ ಎಂದು ಆರುಮುಗಂ ಮೇಲೆ ಹಾರಾಡಿದ್ದು ನೆನಪಾಗಿ ಕಿವಿಯೆಲ್ಲ ಬಿಸಿಯಾಯಿತು. ತಾನು ಬಿಟ್ಟೆ ಎಂದುಕೊಂಡಾಗಲೆಲ್ಲ ಪಾದ ಒಂದು ಕೂದಲೆಳೆ ಹಗುರಾಗಿತ್ತೇ ಹೊರತು ಮೇಲೆದ್ದಿರಲಿಲ್ಲ.

ಗೂಡ್ಸ್ ಗಾಡಿ ಹೋಯಿತು, ಗೇಟು ತೆಗೆದರು, ಚಿಕ್ಕವೆಂಕಟಮ್ಮ ಓಡಿ ಬಂದು ಹತ್ತಿದಳು. ಗೇಟಿನವನೇ ಬಂದು ಪಕ್ಕದಿಂದ ಕಿಕ್ ಒದ್ದ, ಪುಣ್ಯಕ್ಕೆ ಎರಡನೇ ಒದೆತಕ್ಕೆ ಇಂಜಿನ್ನು ಎದ್ದಿತು. ಒಂದು. ಎರಡು. ಈಗ ಕಾಲು ತೆಗೆಯಬೇಕು. ತೆಗೆ, ತೆಗೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಪಕ್ಕದಲ್ಲಿ ಮಗಳು ನರಳುತ್ತಿದ್ದಳು. ಒಳಗೆ ಮನುಷ್ಯರಿದ್ದಾರೆ. ಅದೂ ತನ್ನ ಮಗಳು. ಕಾಲು ಕಬ್ಬಿಣವಾಗಿತ್ತು. ಬೆವರು ಕಣ್ಣಿಗಿಳಿಯಿತು. ಆ ಕಾಲು ಮಾತ್ರ ಏಳಲಿಲ್ಲ.

“ಆಗ್ತಿಲ್ಲ ಮಗಾ!” ಎಂದು ಕೋದಂಡಪ್ಪ ಕೂಗಿದ. ಅಷ್ಟು ವಯಸ್ಸಾದವನು, ಅಷ್ಟು ಮೀಸೆಯವನು, ನಡುರಸ್ತೆಯಲ್ಲಿ ಅತ್ತುಬಿಡುವಂತಿದ್ದ. “ನನ್ನ ಮಾತು ಕೇಳ್ತಿಲ್ಲ ಇದು!”

ಕನಕಮ್ಮನ ಕಾಲ ಬಳಿ ಸ್ಪ್ಯಾನರು ಬಿದ್ದಿತ್ತು. ಅದನ್ನು ಎತ್ತಿಕೊಂಡಳು. ಸೈಡ್‌ಕಾರಿನ ತಗಡಿಗೆ ಬಡಿದಳು. ಟಣ್, ಟಣ್, ಟಣ್.

ಮೂರು. ಕೋದಂಡಪ್ಪನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಕೈ ಹದಕ್ಕೆ ಬಂತು.

ಆಮೇಲೆ ಒಂದೇ ಒಂದು. ಟಣ್.

ಕಾಲು ಮೇಲೆದ್ದಿತು! ಯಾರೂ ಹೇಳಬೇಕಾಗಲಿಲ್ಲ, ಯೋಚಿಸಬೇಕಾಗಲಿಲ್ಲ, ಎದ್ದೇಬಿಟ್ಟಿತು. ಕಡ್ಡಿ ಟಕ್ಕೆಂದು ತನ್ನ ಜಾಗಕ್ಕೆ ಬಂತು. ಅವನು ಕ್ಲಚ್ ಹಿಡಿದು ಒತ್ತಿದ. ಮೂರನೇ ಗೇರು ಬಿತ್ತು. ಇಂಜಿನ್ನಿನ ಕಿರುಚಾಟ ಇಳಿದು ಗುಡುಗುಡು ಎಂದು ದನಿ ದಪ್ಪಗಾಯಿತು.

“ಏನಾಯ್ತು? ಯಾಕೆ ಬಡೀತಿದ್ದೀಯೇ?” ಎಂದು ಚಿಕ್ಕವೆಂಕಟಮ್ಮ ಗಾಬರಿಯಾದಳು.

“ಸುಮ್ಕಿರಿ ಅತ್ತೆ, ಗಾಡಿ ನಾನು ಓಡಿಸ್ತಾ ಇದೀನಿ” ಎಂದಳು ಕನಕಮ್ಮ. ಮತ್ತೆ ಒಂದು ಬಡಿತ, ನಾಲ್ಕನೇ ಗೇರು.

ದಾರಿಯುದ್ದಕ್ಕೂ ಹಾಗೆಯೇ. ಏರು ಬಂದಾಗ ಗೇರು ಇಳಿಸಿದ, ಏರು ಮುಗಿದಾಗ ಹತ್ತಿಸಿದ. ಎರಡು ನೋವಿನ ನಡುವೆ ಉಸಿರು ಸಿಕ್ಕಾಗ ಅವಳು ಬಡಿಯುತ್ತಿದ್ದಳು. ನೋವು ಬಂದಾಗ ಸ್ಪ್ಯಾನರು ಕಚ್ಚಿ ಹಿಡಿದ ಕೈ ಬೆಳ್ಳಗಾಗುತ್ತಿತ್ತು. ಒಂದು ಸಲ ಬಡಿತ ತಡವಾಯಿತು. ಇಂಜಿನ್ನು ಎರಡರಲ್ಲಿ ಅರಚತೊಡಗಿತು. ಕೋದಂಡಪ್ಪ ಪಕ್ಕಕ್ಕೆ ನೋಡಲಿಲ್ಲ, ನೋಡಿದ್ದರೆ ಅಲ್ಲೇ ಕುಸಿಯುತ್ತಿದ್ದ. “ಕನಕಾ, ಕನಕಾ” ಎಂದು ಅತ್ತೆ ಕೆನ್ನೆ ತಟ್ಟುವುದು ಕೇಳಿಸುತ್ತಿತ್ತು. ಆಮೇಲೆ ತಗಡಿನ ಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ ಸದ್ದಾಯಿತು. ಕಾಲು ಎದ್ದಿತು.

ಆಸ್ಪತ್ರೆಯ ಮುಂದೆ ಗಾಡಿ ನಿಂತಾಗ ಇಂಜಿನ್ನು ಬಿಸಿಯಿತ್ತು, ಬಿಗಿದಿರಲಿಲ್ಲ. ಆಯಾಗಳು ಬಂದು ಕನಕಮ್ಮನನ್ನು ಎತ್ತಿಕೊಂಡರು. “ಆ ಕಬ್ಬಿಣ ಬಿಡಮ್ಮಾ” ಎಂದರೆ ಅವಳು ಬಿಡಲಿಲ್ಲ. ಸ್ಪ್ಯಾನರಿನ ಸಮೇತವೇ ಒಳಗೆ ಹೋದಳು. ಚಿಕ್ಕವೆಂಕಟಮ್ಮ ಹಿಂದೆಯೇ ಓಡಿದಳು.

ಯಾರೋ ಹೋಗಿ ಹೇಳಿ, ಮುನಿಗಂಗಮ್ಮ ಆಂಡರ್ಸನ್‌ಪೇಟೆಯಿಂದ ಎದ್ದೆನೋ ಬಿದ್ದೆನೋ ಎಂದು ಬಂದಳು. ಗಂಡ ಗಾಡಿಯ ಮೇಲೇ ಕೂತಿದ್ದ. “ಇಳೀಬಾರ್ದಾ? ನೀರಾದ್ರೂ ಕುಡಿ” ಎಂದಳು. ಅವನು ತಲೆಯಾಡಿಸಿದ. ಅವಳು ಅವನ ಮುಖ ನೋಡಿ ಒಳಗೆ ಹೋದಳು. ಬಾಗಿಲಲ್ಲಿ ಗಾಡಿ ನಿಲ್ಲಿಸಬಾರದು ಎಂದು ಜವಾನ ಬಂದು ಗುರುಗುಟ್ಟಿದ. ಸೈಕಲ್ ತುಳಿದು ಬೆವರುತ್ತ ಬಂದ ಜಯರಾಮಪ್ಪ ಅವನನ್ನು ಸಮಾಧಾನ ಮಾಡಿ ಕಳಿಸಿ, ಮಾವನಿಗೆ ಚಹಾ ತಂದ. ಚಹಾ ಆರಿತು. ಬಿಸಿಲು ಇಳಿದು ಗಾಡಿಯ ನೆರಳು ಗೋಡೆಗೆ ಹತ್ತಿತು. ಕೋದಂಡಪ್ಪನ ಬಲಗಾಲು ಕಡ್ಡಿಯ ಮೇಲೆಯೇ ಇತ್ತು.

ಕೊನೆಗೆ ಒಳಗಿನಿಂದ ಮಗುವಿನ ಅಳು ಕೇಳಿಸಿತು.

“ಮಾವಾ! ಕೇಳಿಸ್ತಾ? ಮಾವಾ!” ಎಂದು ಜಯರಾಮಪ್ಪ ಕುಣಿದಾಡಿಬಿಟ್ಟ.

ಕೋದಂಡಪ್ಪ ಅಲುಗಲಿಲ್ಲ. ಮಗು ಬಂತು, ಸರಿ. ಮಗಳು? ಒಳಗೆ ಇನ್ನೂ ಮನುಷ್ಯರಿದ್ದಾರೆ. ಅವನು ಆ ಹಸಿರು ಬಣ್ಣದ ಕಿಟಕಿಯನ್ನೇ ನೋಡುತ್ತ ಕೂತ. ಅಳು ಜೋರಾಯಿತು, ನಿಂತಿತು, ಮತ್ತೆ ಶುರುವಾಯಿತು. ಒಳಗೆ ಹೆಂಗಸರು ಓಡಾಡುವ ಸದ್ದು. ಯಾರೂ ಹೊರಗೆ ಬರಲಿಲ್ಲ. ಬಾರಮ್ಮಾ, ಬಾ ತಾಯಿ, ಮೇಲಕ್ಕೆ ಬಾ ಎಂದು ಅವನ ತುಟಿ ಅಲುಗುತ್ತಿತ್ತು. ಜಯರಾಮಪ್ಪನ ಕುಣಿತವೂ ನಿಂತು, ಅವನೂ ಬಂದು ಸೈಡ್‌ಕಾರಿನ ಅಂಚು ಹಿಡಿದು ನಿಂತ.

ಕಿಟಕಿಯಾಚೆ, ಕಬ್ಬಿಣದ ಮಂಚಕ್ಕೆ ಕಬ್ಬಿಣ ತಾಗಿತು. ಟಣ್.

ಒಂದೇ ಒಂದು.

ಕೋದಂಡಪ್ಪ ಕಾಲು ತೆಗೆದ. ಅಷ್ಟು ಹೊತ್ತು ಮರಗಟ್ಟಿದ್ದ ಕಾಲು ನೆಲಕ್ಕೆ ಊರಲಿಲ್ಲ. ಗಾಡಿಯಿಂದ ಇಳಿಯಹೋಗಿ ಅಳಿಯನ ಮೇಲೆ ಬಿದ್ದ, ಹಾಗೇ ಅವನ ಭುಜಕ್ಕೆ ಮುಖವಿಟ್ಟು ಗಟ್ಟಿಯಾಗಿ ಅತ್ತ.